ಅಮ್ಮನ ತೂಕ ಇಳಿದಿದೆ, ಆದರೆ ಬೀಳುವುದು ಜಾಸ್ತಿಯಾಗಿದೆ. ಏನು ಮಾಡೋಣ?

ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಊರಲ್ಲಿ ಅಪ್ಪನ ಜೊತೆ ಇದ್ದಾರೆ, ನಾನು ಬೆಂಗಳೂರಲ್ಲಿ. ಅಮ್ಮನಿಗೆ ಶುಗರ್, ಬಿಪಿ ಎರಡೂ ಇವೆ, ಮಂಡಿ ನೋವು ತುಂಬಾ ವರ್ಷದಿಂದ ಇದೆ. ಎತ್ತರ ಐದಡಿ, ತೂಕ 74 ಕೆಜಿ ಇತ್ತು. ತೂಕ ಇಳಿಸಿದರೆ ಮಂಡಿ ಹಗುರಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಅಮ್ಮ ಹಠ ಹಿಡಿದು ರಾತ್ರಿ ಊಟ ಬಿಟ್ಟರು, ಬರೀ ಒಂದು ಲೋಟ ಮಜ್ಜಿಗೆ. ಶನಿವಾರದ ಒಪ್ಪತ್ತು, ಏಕಾದಶಿ ಉಪವಾಸ ಹೇಗೂ ಮೊದಲಿನಿಂದ ಇದ್ದೇ ಇದೆ. ಈಗ 67 ಕೆಜಿ. ಶುಗರ್ ಕೂಡ ಸ್ವಲ್ಪ ಇಳಿದಿದೆ. ಎಲ್ಲರೂ ಖುಷಿ ಪಡುತ್ತಿದ್ದಾರೆ, ಆದರೆ ನನಗೆ ಸಮಾಧಾನವಿಲ್ಲ. ಯಾಕೆಂದರೆ ಈಗ ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಿ, ಒಂದು ಸಲ ಹಿಂದಕ್ಕೆ ಹೋಗಿ ಜೋರಾಗಿ ಮುಂದಕ್ಕೆ ಬಂದು ಏಳುತ್ತಾರೆ. ಬಚ್ಚಲಲ್ಲಿ ಒಂದು ಸಲ, ಹಿತ್ತಲ ಮೆಟ್ಟಿಲಲ್ಲಿ ಒಂದು ಸಲ ಬಿದ್ದಿದ್ದಾರೆ. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ಹೊಟ್ಟೆ ಇದ್ದ ಹಾಗೇ ಇದೆ, ಕಾಲು ಮಾತ್ರ ಸಣ್ಣ ಆದ ಹಾಗೆ ಕಾಣುತ್ತದೆ. ವಯಸ್ಸಾಯಿತು, ಇನ್ನೇನು ಅಂತ ಸುಮ್ನೆ ಬಿಡಬೇಕಾ? ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ಕುಂದಾಪ್ರದ ಮಾಣಿ

ಮೊದಲು ಬಚ್ಚಲ ನೆಲ ನೋಡಿ ಅಕ್ಕಾ. ನಮ್ಮ ಕಡೆ ಮಳೆಗಾಲದಲ್ಲಿ ಬೀಳುವವರಲ್ಲಿ ಅರ್ಧಕ್ಕರ್ಧ ಜನ ಅಂಗಳದ ಪಾಚಿಯ ಮೇಲೆ ಜಾರಿದವರೇ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿದರೆ ಎಷ್ಟೋ ತಪ್ಪುತ್ತದೆ.

ಹಾಸನದ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ನಿಮ್ಮ ಅಮ್ಮನ ವಯಸ್ಸಿನ ಹೆಂಗಸರೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸುಮ್ನೆ ಬಿಡಬೇಡಿ. ಎರಡು ಸಲ ಬಿದ್ದವರು ಮೂರನೇ ಸಲ ಬೀಳುವ ಸಂಭವ ಜಾಸ್ತಿ. ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ತೂಕ ಅಲ್ಲ, ಕೈ ಊರಿ ಏಳುವುದು. ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯು ಸೋತಿದೆ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಈ ಹೆಸರು ಕೊಟ್ಟರು. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಸ್ನಾಯುವಿನ ಗಾತ್ರಕ್ಕಿಂತ ಬಲ ಇನ್ನೂ ವೇಗವಾಗಿ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾಗಿ, ಒಂದೇ ಹೊತ್ತಿಗೆ ಮೂರು ಕೆಲಸ ಆಗುತ್ತವೆ: ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ತೂಕದ ಮಿಷನ್ ಮೇಲೆ ನಿಂತರೆ ಇದ್ಯಾವುದೂ ಕಾಣುವುದಿಲ್ಲ. ಎರಡು ಕೆಜಿ ಸ್ನಾಯು ಹೋಗಿ ಎರಡು ಕೆಜಿ ಕೊಬ್ಬು ಬಂದರೆ ಅಂಕಿ ಅದೇ ಇರುತ್ತದೆ.

ಬೊಜ್ಜು ಮತ್ತು ಸ್ನಾಯು ನಷ್ಟ ಎರಡೂ ಒಟ್ಟಿಗೆ ಇದ್ದರೆ ತೊಂದರೆ ಹೆಚ್ಚು. ಕಾಲಿಗೆ ಬಲ ಕಡಿಮೆ, ಹೊರಬೇಕಾದ ಭಾರ ಜಾಸ್ತಿ. ಹೊಟ್ಟೆ ಮುಂದೆ ಬಂದಷ್ಟೂ ದೇಹದ ಭಾರ ಮುಂದಕ್ಕೆ ವಾಲುತ್ತದೆ. ಸ್ನಾಯುವಿನ ಒಳಗೇ ಕೊಬ್ಬು ಸೇರಿಕೊಳ್ಳುತ್ತದೆ, ಆಗ ಕಾಲು ದಪ್ಪ ಕಂಡರೂ ಬಲ ಇರುವುದಿಲ್ಲ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಸ್ನಾಯುವಿನಲ್ಲಿ ನಿಧಾನದ ನಾರು, ವೇಗದ ನಾರು ಅಂತ ಎರಡು ಬಗೆ. ಎಡವಿದ ಕ್ಷಣದಲ್ಲಿ ತಟ್ಟನೆ ಕಾಲು ಮುಂದಿಟ್ಟು ನಮ್ಮನ್ನು ಉಳಿಸುವುದು ವೇಗದ ನಾರು. ವಯಸ್ಸಾದಾಗ ಹೆಚ್ಚು ಕರಗುವುದೂ ಅದೇ. ಎಡವುವುದು ಎಲ್ಲರೂ ಎಡವುತ್ತೇವೆ, ನಾವು ನೀವು ಸಾವರಿಸಿಕೊಳ್ಳುತ್ತೇವೆ, ಅವರಿಗೆ ಅದು ಆಗುವುದಿಲ್ಲ.

ಇನ್ನು ತೂಕ ಇಳಿಸಿದ ವಿಷಯ. ಬರೀ ಊಟ ಬಿಟ್ಟು ತೂಕ ಇಳಿಸಿದರೆ, ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮತ್ತಿತರ ಅಂಗಾಂಶ. ತೂಕ ಮತ್ತೆ ಏರಿದರೆ ಬರುವುದು ಹೆಚ್ಚಾಗಿ ಕೊಬ್ಬೇ. ನಿಮ್ಮ ಡಾಕ್ಟರ್ ತೂಕ ಇಳಿಸಿ ಅಂದಿದ್ದು ಸರಿಯೇ, ಮಂಡಿಗೂ ಶುಗರ್‌ಗೂ ಅದು ಬೇಕು. ಜೊತೆಗೆ ಕಾಲಿಗೆ ಬಲ ಬರುವ ಕೆಲಸ ಕೊಡಲೇಬೇಕಿತ್ತು, ಅದು ಆಗಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ಕೈ ಇಲ್ಲದ, ಗಟ್ಟಿಯಾದ ಕುರ್ಚಿ, ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 5 ಸಲ ಪೂರ್ತಿ ಎದ್ದು ಕೂರಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸಂಶಯ ಪಡಬೇಕು.

ಬೆಣ್ಣೆದೋಸೆ ದಾವಣಗೆರೆ

ನಮ್ಮ ಅತ್ತೆ ದಪ್ಪ ಇಲ್ಲ ಸರ್, 52 ಕೆಜಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಇದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ನಾರ್ಮಲ್ ಅಂತ ಚೆಕಪ್‌ನಲ್ಲಿ ಬರೆದುಕೊಟ್ಟಿದ್ದಾರೆ. ಅವರಿಗೂ ಇದೇ ಸಮಸ್ಯೆ ಇರಬಹುದಾ?

ಹಾಸನದ ಫಿಸಿಯೋ

ಖಂಡಿತ ಇರಬಹುದು ಮೇಡಂ, ನಮ್ಮ ಜನರಲ್ಲಿ ಇದು ಜಾಸ್ತಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿದರು. ಅವರ ಮತ್ತು ಅವರ ಬ್ರಿಟಿಷ್ ಗೆಳೆಯ ಡಾ. ಯುಡ್‌ಕಿನ್ ಇಬ್ಬರ ಬಿಎಂಐ ಒಂದೇ, 22.3. ಆದರೆ ಗೆಳೆಯನ ದೇಹದಲ್ಲಿ ಕೊಬ್ಬು ಶೇ. 9.1, ಇವರದು ಶೇ. 21.2. ಅಂದರೆ ಅದೇ ತೂಕದಲ್ಲಿ ನಮ್ಮವರಿಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು. ಅತ್ತೆಯ ಹೊಟ್ಟೆಗೆ ಟೇಪ್ ಹಿಡಿದು ನೋಡಿ, ಕುರ್ಚಿ ಪರೀಕ್ಷೆಯನ್ನೂ ಮಾಡಿಸಿ. ಬಟ್ಟೆ ಹಿಂಡುವುದಕ್ಕೆ, ಡಬ್ಬಿಯ ಮುಚ್ಚಳ ತಿರುಗಿಸುವುದಕ್ಕೆ ಆಗುತ್ತಿಲ್ಲ ಅಂತ ಈಚೆಗೆ ಹೇಳುತ್ತಿದ್ದಾರಾ ಅನ್ನುವುದನ್ನೂ ಗಮನಿಸಿ. ಕೈ ಹಿಡಿತ ಅಳೆಯುವ ಸಾಧನ ನಮ್ಮ ಹತ್ತಿರ ಇರುತ್ತದೆ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಬಲ ಕಡಿಮೆ ಅಂತಲೇ ಅರ್ಥ.

ಸಾಗರದ ಹುಡುಗಿ

ವಾರಾಂತ್ಯಕ್ಕೆ ಊರಿಗೆ ಬಂದಿದ್ದೇನೆ. ಪರೀಕ್ಷೆ ಮಾಡಿಸಿದೆ. ಮೊದಲ ಎರಡು ಸಲ ಹೇಗೋ ಎದ್ದರು, ಮೂರನೆಯದಕ್ಕೆ ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಐದು ಮುಗಿಯುವಷ್ಟರಲ್ಲಿ 21 ಸೆಕೆಂಡ್. ಕೂರುವಾಗ ನಿಧಾನಕ್ಕೆ ಕೂರುವುದಕ್ಕೇ ಆಗುವುದಿಲ್ಲ, ಕೊನೆಗೆ ಧೊಪ್ಪನೆ ಬೀಳುತ್ತಾರೆ. ಇದು ಸರಿ ಮಾಡುವುದಕ್ಕೆ ಆಗುವಂಥದ್ದಾ, ಅಥವಾ ಇನ್ನು ಕಾಪಾಡಿಕೊಂಡರೆ ಸಾಕಾ?

ಹಾಸನದ ಫಿಸಿಯೋ

ಆಗುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. 1990ರಲ್ಲಿ ಬೋಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ. 174 ಏರಿತು. 1994ರಲ್ಲಿ ನೂರು ಜನರ ಮೇಲೆ ಮತ್ತೆ ನೋಡಿದಾಗಲೂ ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. ಅದರಲ್ಲಿ ಕೆಲವರಿಗೆ ಬರೀ ಪೌಷ್ಟಿಕ ಪಾನೀಯ ಕೊಟ್ಟಿದ್ದರು, ಅದೊಂದರಿಂದಲೇ ಪ್ರಯೋಜನ ಆಗಲಿಲ್ಲ. ಡಬ್ಬಿ ಪೌಡರ್ ತಂದುಕೊಟ್ಟು ಕೈ ತೊಳೆದುಕೊಳ್ಳುವ ಮಕ್ಕಳು ಇದನ್ನು ಗಮನಿಸಬೇಕು.

ತೊಂಬತ್ತಕ್ಕೆ ಆಗುತ್ತದೆ ಅಂದರೆ 68ಕ್ಕೆ ಆಗುವುದಿಲ್ವಾ?

ಅಮ್ಮನಿಗೆ ಇಲ್ಲಿಂದ ಶುರು ಮಾಡಿ. ಕುರ್ಚಿಯ ಮೇಲೆ ಗಟ್ಟಿ ದಿಂಬು ಅಥವಾ ಮಡಿಸಿದ ಜಮಖಾನ ಹಾಕಿ ಎತ್ತರ ಮಾಡಿ. ಆ ಎತ್ತರದಿಂದ ಕೈ ಊರದೆ ಏಳಲು ಆಗಬೇಕು. ಎಂಟರಿಂದ ಹತ್ತು ಸಲ ಎದ್ದು ಕೂರುವುದು, ಎರಡು ನಿಮಿಷ ವಿಶ್ರಾಂತಿ, ಮತ್ತೊಂದು ಸುತ್ತು. ಕೂರುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು, ಅದರಲ್ಲೇ ಅರ್ಧ ಲಾಭ ಇರುವುದು. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಸುಲಭ ಅನ್ನಿಸಿದ ಮೇಲೆ ದಿಂಬು ತೆಗೆಯಿರಿ. ಅದೂ ಸುಲಭ ಆದರೆ ಎದೆಗೆ ಒಂದು ಕೆಜಿ ಬೇಳೆ ಪೊಟ್ಟಣ ಅಪ್ಪಿಕೊಂಡು ಮಾಡಲಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಕಷ್ಟವೇ ಆಗದ ವ್ಯಾಯಾಮದಿಂದ ಸ್ನಾಯು ಬೆಳೆಯುವುದಿಲ್ಲ.

ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಇವನ್ನೂ ಸೇರಿಸಿ. ಮಂಡಿ ಸ್ವಲ್ಪ ನೋಯುತ್ತದೆ, ಅದಕ್ಕೆ ಹೆದರಬೇಡಿ. ಮಾರನೇ ದಿನ ನೋವು ಎಂದಿನಷ್ಟಕ್ಕೇ ಇಳಿದಿದ್ದರೆ ಸರಿ. ಮಂಡಿ ಊದಿಕೊಂಡರೆ ಎತ್ತರ ಹೆಚ್ಚಿಸಿ. ಎದೆನೋವು, ತಲೆಸುತ್ತು ಇರುವವರು ಡಾಕ್ಟರಿಗೆ ತೋರಿಸದೆ ಶುರು ಮಾಡಬಾರದು.

ಬೆಳಗಿನ ವಾಕಿಂಗ್

ಇಷ್ಟೆಲ್ಲ ಯಾಕೆ ಸ್ವಾಮಿ? ದಿನಾ ಮುಕ್ಕಾಲು ಗಂಟೆ ವಾಕಿಂಗ್, ಒಂದಿಷ್ಟು ಪ್ರಾಣಾಯಾಮ ಸಾಲದಾ? ನಮ್ಮ ಪಾರ್ಕಿನಲ್ಲಿ ಎಲ್ಲ ಹಿರಿಯರೂ ಅದನ್ನೇ ಮಾಡುವುದು. ಈ ವಯಸ್ಸಿನಲ್ಲಿ ಭಾರ ಎತ್ತಿಸಿ ಇನ್ನೇನಾದರೂ ಆದರೆ?

ಹಾಸನದ ಫಿಸಿಯೋ

ವಾಕಿಂಗ್ ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಒಳ್ಳೆಯದು ಸರ್, ಬಿಡಬೇಡಿ. ಆದರೆ ಬೀಳುವುದನ್ನು ಅದೊಂದೇ ತಡೆಯುತ್ತದೆ ಅನ್ನುವುದಕ್ಕೆ ಆಧಾರ ಸಾಲದು. 2019ರಲ್ಲಿ ಕಾಕ್ರೇನ್ ಸಂಸ್ಥೆ ಜಗತ್ತಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿತು. ವ್ಯಾಯಾಮದಿಂದ ಒಟ್ಟಾರೆ ಬೀಳುವ ಪ್ರಮಾಣ ಶೇ. 23 ಇಳಿಯುತ್ತದೆ. ಕೆಲಸ ಮಾಡಿದ್ದು ಸಮತೋಲನದ ವ್ಯಾಯಾಮ, ಅದರ ಜೊತೆ ಬಲದ ವ್ಯಾಯಾಮ ಸೇರಿದರೆ ಇನ್ನೂ ಚೆನ್ನಾಗಿ. ಬೊಜ್ಜಿರುವವರ ಬಗ್ಗೆಯೇ ಕೇಳಿದರೆ, 2017ರಲ್ಲಿ ಅಮೆರಿಕದಲ್ಲಿ 65 ದಾಟಿದ 160 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ವ್ಯಾಯಾಮದ ಮೂರು ಗುಂಪಿಗೂ ಊಟ ಕಡಿಮೆ ಮಾಡಿಸಿದರು. ಒಂದಕ್ಕೆ ನಡಿಗೆಯಂಥ ವ್ಯಾಯಾಮ, ಇನ್ನೊಂದಕ್ಕೆ ಭಾರದ ವ್ಯಾಯಾಮ, ಮೂರನೆಯದಕ್ಕೆ ಎರಡೂ. ಎರಡೂ ಮಾಡಿದವರ ಓಡಾಟದ ಶಕ್ತಿ ಶೇ. 21 ಏರಿತು, ಒಂದೊಂದೇ ಮಾಡಿದವರದು ಶೇ. 14. ಬರೀ ನಡಿಗೆಯ ಗುಂಪಿನಲ್ಲಿ ಸ್ನಾಯು ನಷ್ಟ ಹೆಚ್ಚಿತ್ತು.

ಯೋಗದಲ್ಲಿ ವೃಕ್ಷಾಸನ, ಉತ್ಕಟಾಸನ ಮಾಡಿದರೆ ನಾನು ಹೇಳಿದ ಕೆಲಸವೇ ಆಗುತ್ತದೆ, ಗೋಡೆಯ ಪಕ್ಕ ನಿಂತು ಮಾಡಿಸಿ. ಕೂತು ಮಾಡುವ ಪ್ರಾಣಾಯಾಮದಿಂದ ತೊಡೆಗೆ ಬಲ ಬರುವುದಿಲ್ಲ.

ಆಕ್ಲೆಂಡ್ ಕನ್ನಡಿಗ

ಈ ಚರ್ಚೆ ನೋಡಿ ಖುಷಿಯಾಯಿತು. ಇಲ್ಲಿ ನ್ಯೂಜಿಲೆಂಡ್‌ನಲ್ಲಿ ಇದು ಮನೆಮಾತು. ಡುನೆಡಿನ್‌ನ ಒಟಾಗೊ ವಿಶ್ವವಿದ್ಯಾಲಯದವರು 80 ದಾಟಿದ 233 ಹೆಂಗಸರ ಮೇಲೆ ಮಾಡಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಫಿಸಿಯೋ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಮನೆಗೆ ಬಂದು ಕಲಿಸಿ ಹೋಗುತ್ತಿದ್ದರು, ಆಮೇಲೆ ಅವರೇ ಮನೆಯಲ್ಲಿ ಕಾಲಿಗೆ ಮರಳು ಚೀಲ ಕಟ್ಟಿಕೊಂಡು ಮಾಡುವುದು. ಆ ಒಟಾಗೊ ಪದ್ಧತಿಯಿಂದ ಬೀಳುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಈಗ ಇಲ್ಲಿಯ ಅಪಘಾತ ವಿಮೆಯ ಸರ್ಕಾರಿ ಸಂಸ್ಥೆ ಎಸಿಸಿ ಊರೂರಲ್ಲಿ ಬಲ ಮತ್ತು ಸಮತೋಲನದ ತರಗತಿಗಳಿಗೆ ಬೆಂಬಲ ಕೊಡುತ್ತದೆ. ಬಿದ್ದ ಮೇಲೆ ಆಪರೇಷನ್‌ಗೆ ದುಡ್ಡು ಕೊಡುವುದಕ್ಕಿಂತ ಇದು ಅಗ್ಗ ಅಂತ ಅವರಿಗೆ ಗೊತ್ತು. ನಮ್ಮ ಅತ್ತೆ ಮೈಸೂರಿನಿಂದ ಬಂದಾಗ ಒಂದು ಚರ್ಚಿನ ಹಾಲ್‌ನಲ್ಲಿ ನಡೆಯುವ ತರಗತಿಗೆ ಸೀರೆ ಉಟ್ಟುಕೊಂಡೇ ಹೋಗುತ್ತಿದ್ದರು. ಪಾಠ ಹೇಳುವವಳು ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಿ ಅಂತ ಸನ್ನೆಯಲ್ಲೇ ಹೇಳುತ್ತಿದ್ದಳು. ನಮ್ಮೂರ ಸಮುದಾಯ ಭವನಗಳು ಬೆಳಗಿನ ಹೊತ್ತು ಖಾಲಿಯೇ ಇರುತ್ತವಲ್ಲ, ಅಲ್ಲಿ ಯಾಕೆ ಆಗಬಾರದು?

ನಾನೇ ಅಜ್ಜಿ 71

ಇಲ್ಲಿ ಎಲ್ಲರೂ ಅಮ್ಮನ ಬಗ್ಗೆ, ಅತ್ತೆಯ ಬಗ್ಗೆ ಬರೆಯುತ್ತಿದ್ದೀರಿ. ನನಗೆ 71, ನಾನೇ ಬರೆಯುತ್ತೇನೆ. ಮೊಮ್ಮಗಳು ಟೈಪ್ ಮಾಡುವುದನ್ನು ಹೇಳಿಕೊಟ್ಟಿದ್ದಾಳೆ.

ಒಂದು ಸಲ ಬಿದ್ದ ಮೇಲೆ ಏನಾಗುತ್ತದೆ ಗೊತ್ತಾ? ಮಕ್ಕಳು ಏಳುವುದಕ್ಕೆ ಬಿಡುವುದಿಲ್ಲ. ನೀನು ಕೂತ್ಕೋ ಅಮ್ಮ, ನಾನು ತರ್ತೀನಿ. ನೀರು ಕೈಗೆ ಬರುತ್ತದೆ, ತಟ್ಟೆ ಕೈಗೆ ಬರುತ್ತದೆ, ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವಳನ್ನು ಆಟೋದಲ್ಲಿ ಕಳಿಸುತ್ತಾರೆ, ಮಹಡಿಯ ಕೋಣೆ ಬೇಡ ಅಂತ ಕೆಳಗೆ ಹಾಸಿಗೆ ಹಾಕುತ್ತಾರೆ. ಎಲ್ಲ ಪ್ರೀತಿಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆರು ತಿಂಗಳು ಹಾಗೆ ಕೂತ ಮೇಲೆ ನಿಜವಾಗಿಯೂ ಏಳುವುದಕ್ಕೆ ಆಗುವುದಿಲ್ಲ. ನಮಗೂ ಒಳಗೆ ಭಯ ಇರುತ್ತದೆ. ಬೀಳುವ ಭಯಕ್ಕೆ ಓಡಾಟ ಕಡಿಮೆ ಮಾಡುತ್ತೇವೆ, ಓಡಾಟ ಕಡಿಮೆಯಾಗಿ ಕಾಲು ಸೋಲುತ್ತದೆ, ಕಾಲು ಸೋತು ಮತ್ತೆ ಬೀಳುತ್ತೇವೆ. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟವರು ನನ್ನ ಗೆಳತಿಯರಲ್ಲಿ ಇದ್ದಾರೆ.

ಮಕ್ಕಳಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ನಮ್ಮ ಕೆಲಸ ಕಿತ್ತುಕೊಳ್ಳಬೇಡಿ. ಬಚ್ಚಲಲ್ಲಿ, ಮೆಟ್ಟಿಲಲ್ಲಿ ಹಿಡಿದುಕೊಳ್ಳುವುದಕ್ಕೆ ಗಟ್ಟಿಯಾದ ಕಂಬಿ ಹಾಕಿಸಿಕೊಡಿ, ನಡೆಯುವುದು ನಾವೇ ನಡೆಯುತ್ತೇವೆ. ಮತ್ತೆ, ಬಿದ್ದದ್ದನ್ನು ಹೇಳಿದರೆ ಬಯ್ಯಬೇಡಿ. ಬಯ್ಯುತ್ತೀರಿ ಅಂತಲೇ ಎಷ್ಟೋ ಜನ ಬಿದ್ದದ್ದನ್ನೇ ಹೇಳುವುದಿಲ್ಲ.

ಸಾಗರದ ಹುಡುಗಿ

ಅಮ್ಮಾ, ನಿಮ್ಮ ಮಾತನ್ನು ಅಪ್ಪನಿಗೂ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಆಮೇಲೆ ಮೆಲ್ಲಗೆ ಹೇಳಿದರು, ಹಿತ್ತಲಲ್ಲಿ ಇನ್ನೊಂದು ಸಲವೂ ಬಿದ್ದಿದ್ದೆ ಅಂತ.

ಮಂಡ್ಯದ ಮುದ್ದೆ

ಊಟದ ವಿಷಯ ಯಾರೂ ಸರಿಯಾಗಿ ಮಾತಾಡಿಲ್ಲ. ನಾನು ಆಸ್ಪತ್ರೆಯೊಂದರಲ್ಲಿ ಡಯಟೀಶಿಯನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಹೇಳಿದ್ದು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವುದು ಯುರೋಪಿನ ತಜ್ಞರ ಸಲಹೆ, ನಾನೂ ಅದನ್ನೇ ಪಾಲಿಸುತ್ತೇನೆ. ಸಾಗರದ ಅಮ್ಮನಿಗೆ ದಿನಕ್ಕೆ ಕನಿಷ್ಠ 67 ಗ್ರಾಂ ಗುರಿ ಇಟ್ಟುಕೊಳ್ಳಿ. ಆದರೆ ಶುಗರ್ ಇರುವುದರಿಂದ ಕಿಡ್ನಿ ಸರಿಯಿದೆಯಾ ಅಂತ ತಿಳಿಯಲು ಮೊದಲು ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟೇ.

ಈಗ ಅವರು ತಿನ್ನುತ್ತಿರುವುದು ಏನು ಅಂತ ಯೋಚಿಸಿ. ಬೆಳಿಗ್ಗೆ ದೋಸೆಯೋ ಅವಲಕ್ಕಿಯೋ, ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ರಾತ್ರಿ ಮಜ್ಜಿಗೆ. ತಿಳಿಸಾರಿನಲ್ಲಿ ಬೇಳೆ ಎಲ್ಲಿರುತ್ತದೆ? ತಳದಲ್ಲಿದ್ದ ಬೇಳೆ ಗಂಡನಿಗೆ ಬಡಿಸಿ ಆಗಿರುತ್ತದೆ. ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಳಿದದ್ದನ್ನು ತಿನ್ನುವ ಅಭ್ಯಾಸ ನಮ್ಮ ಹೆಂಗಸರಿಗೆ ಎಪ್ಪತ್ತಾದರೂ ಹೋಗುವುದಿಲ್ಲ. ನನಗೆ ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

ಮೊಟ್ಟೆ, ಮಾಂಸ ತಿನ್ನದ ಮನೆ ಅಂದುಕೊಂಡು ಹೇಳುತ್ತೇನೆ. ಬೆಳಿಗ್ಗೆ ಒಂದು, ರಾತ್ರಿ ಒಂದು ದೊಡ್ಡ ಲೋಟ ಹಾಲು, ಎರಡೂ ಸೇರಿ 13 ಗ್ರಾಂ. ಐವತ್ತು ಗ್ರಾಂ ಹುರುಳಿಕಾಳು ಅಥವಾ ಹೆಸರುಕಾಳಿನ ಉಸಲಿ 11 ಗ್ರಾಂ. ಅಷ್ಟೇ ತೊಗರಿಬೇಳೆ ಹಾಕಿದ ಗಟ್ಟಿ ಸಾರು 11 ಗ್ರಾಂ. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ 7 ಗ್ರಾಂ. ಒಂದು ಬಟ್ಟಲು ಗಟ್ಟಿ ಮೊಸರು 5, 6 ಗ್ರಾಂ. ಉಳಿದದ್ದು ರಾಗಿ, ಅಕ್ಕಿ, ಗೋಧಿಯಿಂದ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ, ಸುಲಭ. ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ 7 ಗ್ರಾಂ ಮಾತ್ರ, ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ಮುದ್ದೆ ತಿಂದರೆ ಸಾಕು ಶಕ್ತಿ ಬರುತ್ತದೆ ಅಂತ ನಮ್ಮ ಕಡೆಯವರು ಹೇಳುತ್ತಾರೆ, ಮುದ್ದೆಯ ಜೊತೆ ಕಾಳು ಸಾರು ಇದ್ದರೆ ಮಾತ್ರ ಆ ಮಾತು ನಿಜ.

ತೂಕ ಇಳಿಸಬೇಕಾದರೆ ಕಡಿಮೆ ಮಾಡಬೇಕಾದ್ದು ಅನ್ನದ ರಾಶಿ, ಬೆಲ್ಲ, ಸಂಜೆಯ ಬಿಸ್ಕತ್ತು, ಕರಿದದ್ದು. ಕಾಳು, ಹಾಲು ಅಲ್ಲ. ರಾತ್ರಿ ಊಟ ಪೂರ್ತಿ ಬಿಡುವುದು ಬೇಡ, ಶುಗರ್ ಮಾತ್ರೆ ತಗೊಳ್ಳುವವರಂತೂ ಬಿಡಲೇಬಾರದು. ಸಕ್ಕರೆ ತೀರಾ ಇಳಿದು ಬೆಳಗಿನ ಜಾವ ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ.

ತೀರ್ಥಹಳ್ಳಿ ಭಟ್ರ ಸೊಸೆ

ಅತ್ತೆ ಏಕಾದಶಿ ಬಿಡುವುದಿಲ್ಲ ಅನ್ನುತ್ತಾರೆ. ಬಿಡಿ ಅನ್ನುವುದಕ್ಕೆ ನನಗೂ ಬಾಯಿ ಬರುವುದಿಲ್ಲ.

ಮಂಡ್ಯದ ಮುದ್ದೆ

ಬಿಡಿಸಬೇಕಾಗಿಲ್ಲ ಅಕ್ಕ, ಅದು ಅವರ ನಂಬಿಕೆ. ಆ ದಿನ ಹಾಲು, ಮೊಸರು, ಕಡಲೆಕಾಯಿ ಅವರ ನೇಮಕ್ಕೆ ಒಪ್ಪುತ್ತದೆಯಾ ಕೇಳಿ. ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತದೆ. ಸಾಬಕ್ಕಿ ಉಪ್ಪಿಟ್ಟು ಬರೀ ಪಿಷ್ಟ, ಅದರಲ್ಲಿ ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿ. ನಿರ್ಜಲ ಉಪವಾಸ ಮಾತ್ರ ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಿಗೆ ಅಪಾಯ, ಅದನ್ನು ಅವರ ಡಾಕ್ಟರ್ ಬಾಯಿಂದಲೇ ಹೇಳಿಸಿ.

ವಿಜಯನಗರ 4ನೇ ಕ್ರಾಸ್

ನಮ್ಮ ದೊಡ್ಡಮ್ಮ ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದಾರೆ. 2025ರಲ್ಲಿ ಇಲ್ಲಿ ಬಂತಲ್ಲ, ಮೌಂಜಾರೋ. ಹಸಿವೇ ಇಲ್ಲ ಅಂತಾರೆ, ತೂಕ ಸರಸರ ಇಳಿಯುತ್ತಿದೆ. ಅದಕ್ಕೂ ಇದೇ ಮಾತಾ?

ಹಾಸನದ ಫಿಸಿಯೋ

ಅದಕ್ಕೆ ಇನ್ನೂ ಜಾಸ್ತಿ ಅನ್ವಯ. ಔಷಧಿ ಕೆಟ್ಟದ್ದಲ್ಲ, ಬೊಜ್ಜಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಸಿವು ಇಲ್ಲದೆ ಪ್ರೋಟೀನ್ ಹೊಟ್ಟೆಗೆ ಹೋಗುವುದಿಲ್ಲ, ತೂಕದ ಜೊತೆ ಸ್ನಾಯುವೂ ಹೋಗುತ್ತದೆ. ಎಪ್ಪತ್ತರ ಹೆಂಗಸಿಗೆ ಆ ಇಂಜೆಕ್ಷನ್ ಬರೆಯುವ ದಿನವೇ ವ್ಯಾಯಾಮವನ್ನೂ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡಮ್ಮ ಊಟಕ್ಕೆ ಕೂತಾಗ ಮೊದಲು ಕಾಳು, ಮೊಸರು ತಿನ್ನಲಿ, ಅನ್ನ ಆಮೇಲೆ.

ಔಷಧಿ ಅಂಗಡಿ ಹುಬ್ಬಳ್ಳಿ

ಮಾತ್ರೆಗಳ ಬಗ್ಗೆ ನಾನು ಹೇಳುತ್ತೇನೆ, ದಿನಾ ಕಣ್ಣಾರೆ ನೋಡುತ್ತೇನೆ. ನಿದ್ದೆ ಮಾತ್ರೆ ತಗೊಳ್ಳುವ ಹಿರಿಯರು ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವುದು ಜಾಸ್ತಿ. ಆಲ್‌ಪ್ರಜೋಲಾಂ ಥರದವನ್ನು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುತ್ತಾರೆ. ತಟ್ಟನೆ ನಿಲ್ಲಿಸುವುದೂ ತಪ್ಪು, ಡಾಕ್ಟರ್ ಹತ್ತಿರ ಹೋಗಿ ನಿಧಾನಕ್ಕೆ ಇಳಿಸಬೇಕು. ಬಿಪಿ ಮಾತ್ರೆ ಹೆಚ್ಚಾಗಿದ್ದರೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಮಲಗಿದ್ದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ತಿಳಿಸಿ.

ಇನ್ನೊಂದು, ವಿಟಮಿನ್ ಡಿ. 60,000 ಯೂನಿಟ್ ಪುಡಿ ಪೊಟ್ಟಣವನ್ನು ಮೂಳೆ ಗಟ್ಟಿಯಾಗಲಿ ಅಂತ ತಾವೇ ಕೇಳಿ ಒಯ್ಯುತ್ತಾರೆ, ನಿಲ್ಲಿಸುವುದೇ ಇಲ್ಲ. ಕೊರತೆ ಇದ್ದವರಿಗೆ ಅದು ಬೇಕು. ಆದರೆ ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಅಧ್ಯಯನದಲ್ಲಿ ವರ್ಷಕ್ಕೊಮ್ಮೆ ಒಂದೇ ಸಲ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು, ಕಡಿಮೆ ಆಗಲಿಲ್ಲ. 2010ರಲ್ಲಿ ಬಂದ ವರದಿ ಅದು. ಪರೀಕ್ಷೆ ಮಾಡಿಸಿ, ಹೇಳಿದಷ್ಟು ವಾರ ತಗೊಂಡು ನಿಲ್ಲಿಸಿ.

ಬೆಣ್ಣೆದೋಸೆ ದಾವಣಗೆರೆ

ಬಿದ್ದ ಮೇಲೆ ಏಳುವುದು ಹೇಗೆ ಅಂತ ಯಾರಾದರೂ ಹೇಳಿ. ಅತ್ತೆ ಹೋದ ವರ್ಷ ಬಿದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಬರುವವರೆಗೂ ನೆಲದ ಮೇಲೇ ಇದ್ದರು. ಪೆಟ್ಟಾಗಿರಲಿಲ್ಲ, ಏಳುವುದಕ್ಕೆ ಆಗಿರಲಿಲ್ಲ ಅಷ್ಟೆ.

ಹಾಸನದ ಫಿಸಿಯೋ

ಒಳ್ಳೆ ಪ್ರಶ್ನೆ. ಒಂದು ಗಂಟೆಗಿಂತ ಹೆಚ್ಚು ನೆಲದ ಮೇಲೆ ಬಿದ್ದಿರುವುದೇ ಒಂದು ಅಪಾಯ. ಮೈ ತಣ್ಣಗಾಗುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ, ಸ್ನಾಯು ಜಜ್ಜಿ ಕಿಡ್ನಿಗೂ ಪೆಟ್ಟಾಗಬಹುದು.

ಕಲಿಸಿ, ಮಂಚದ ಪಕ್ಕ ಚಾಪೆಯ ಮೇಲೆ. ಬಿದ್ದ ಕೂಡಲೇ ಏಳಬಾರದು, ಒಂದು ನಿಮಿಷ ಹಾಗೇ ಇದ್ದು ಕೈ, ಕಾಲು, ಸೊಂಟ ಅಲ್ಲಾಡಿಸಿ ನೋಡಬೇಕು. ತೊಡೆಸಂದಿಯಲ್ಲಿ ತೀರಾ ನೋವಿದ್ದು ಕಾಲು ಎತ್ತಲು ಆಗದಿದ್ದರೆ ಏಳುವ ಪ್ರಯತ್ನವೇ ಬೇಡ, ಕೂಗಿ, ಫೋನ್ ಮಾಡಿ. ನೋವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಎದ್ದು, ಎರಡೂ ಅಂಗೈ, ಎರಡೂ ಮಂಡಿ ನೆಲಕ್ಕೆ ಊರಬೇಕು. ಹಾಗೇ ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯ ಅಥವಾ ಮಂಚದ ಹತ್ತಿರ ಹೋಗಿ, ಎರಡೂ ಕೈಯನ್ನು ಅದರ ಮೇಲಿಟ್ಟು, ಬಲ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಕೈಯಿಂದ ಒತ್ತಿ ಎದ್ದು, ತಿರುಗಿ ಅಲ್ಲೇ ಕೂರುವುದು. ಮಂಡಿ ನೋಯುವವರಿಗೆ ಕೆಳಗೆ ದಿಂಬು ಹಾಕಿ. ಅಂಬೆಗಾಲು ಆಗದಿದ್ದರೆ ಕೂತುಕೊಂಡೇ ಹಿಂದಕ್ಕೆ ಸರಿಯುತ್ತಾ ಹೋಗಿ, ತಗ್ಗಿನ ಮೆಟ್ಟಿಲ ಮೇಲೆ ಏರಿ ಕೂರಬಹುದು. ಮನೆಯಲ್ಲಿ ಒಬ್ಬರೇ ಇರುವವರು ಫೋನನ್ನು ಮೇಜಿನ ಮೇಲಿಡದೆ ಸೊಂಟದ ಚೀಲದಲ್ಲೋ ಕೊರಳಲ್ಲೋ ಇಟ್ಟುಕೊಳ್ಳಲಿ.

ಕಾಲು ಗಿಡ್ಡ ಆದ ಹಾಗೆ, ಪಾದ ಹೊರಕ್ಕೆ ತಿರುಗಿದ ಹಾಗೆ ಕಂಡರೆ ಸೊಂಟದ ಮೂಳೆ ಮುರಿದಿರಬಹುದು. ಎಣ್ಣೆ ಹಚ್ಚುವುದು, ನಾಟಿ ಕಟ್ಟು ಕಟ್ಟಿಸುವುದು ಅಂತ ದಿನ ಕಳೆಯಬೇಡಿ. ಆಪರೇಷನ್ ಬೇಕಾದರೆ ಒಂದೆರಡು ದಿನದೊಳಗೆ ಆಗಬೇಕು. ಬೇಗ ಎದ್ದು ನಿಲ್ಲಿಸುವುದೂ ಅಷ್ಟೇ ಮುಖ್ಯ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲಿನ ಸ್ನಾಯು ಹೆಚ್ಚುಕಡಿಮೆ ಒಂದು ಕೆಜಿ ಕರಗಿತ್ತು.

ಕುಂದಾಪ್ರದ ಮಾಣಿ

ನಾನು ಮತ್ತೆ ಬಚ್ಚಲಿಗೇ ಬರುತ್ತೇನೆ. ಎಣ್ಣೆ ಸ್ನಾನದ ದಿನ ಪಾದಕ್ಕೆ ಎಣ್ಣೆ ಹಚ್ಚಲೇಬೇಡಿ, ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿಸಿ. ಬಟ್ಟೆ ಹಾಕುವ ಗೂಟ, ಟವೆಲ್ ಕಂಬಿ ಹಿಡಿದು ಏಳುವ ಅಭ್ಯಾಸ ಎಲ್ಲರಿಗೂ ಇದೆ, ಅದು ಕಿತ್ತು ಬರುತ್ತದೆ. ಗೋಡೆಗೆ ಆಳವಾಗಿ ಬೋಲ್ಟ್ ಹಾಕಿದ ಸ್ಟೀಲ್ ಕಂಬಿ ಬೇಕು, ಕಮೋಡಿನ ಪಕ್ಕ ಒಂದು, ಬಾಗಿಲ ಹತ್ತಿರ ಒಂದು. ಜಾರುವ ಕಾಲೊರಸು ಎಸೆದುಬಿಡಿ. ನೈಟಿ ಉದ್ದ ಇದ್ದರೆ ಎರಡು ಇಂಚು ಮಡಿಸಿ ಹೊಲಿಸಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಸವೆದ ಹವಾಯಿ ಚಪ್ಪಲಿ ಮನೆಯಲ್ಲಿ ಬೇಡವೇ ಬೇಡ.

ಐವತ್ತೆರಡು

ನನಗೆ 52, ಮುಟ್ಟು ನಿಂತು ಎರಡು ವರ್ಷ ಆಯಿತು. ಇದೆಲ್ಲ ಓದಿ ಭಯವಾಗುತ್ತಿದೆ. ಈಗಲೇ ಶುರು ಮಾಡಬೇಕಾ? ಜಿಮ್‌ಗೆ ಹೋಗಲು ನಾಚಿಕೆ, ಅಲ್ಲಿರುವವರೆಲ್ಲ ಹುಡುಗರು.

ನಾನೇ ಅಜ್ಜಿ 71

ಈಗಲೇ ಶುರು ಮಾಡಮ್ಮ. ನನಗೆ 52ರಲ್ಲಿ ಯಾರೂ ಹೇಳಲಿಲ್ಲ. ನಾಚಿಕೆ ಒಂದು ವಾರ ಇರುತ್ತದೆ, ಕಾಲು ಇನ್ನೂ ಮೂವತ್ತು ವರ್ಷ ಬೇಕು.

ಹಾಸನದ ಫಿಸಿಯೋ

ಅಜ್ಜಿ ಹೇಳಿದ್ದು ಸರಿ. ಜಿಮ್ ಬೇಡ ಅನ್ನಿಸಿದರೆ ಮನೆಯಲ್ಲೇ ಎರಡು ಡಂಬೆಲ್, ಒಂದು ರಬ್ಬರ್ ಬ್ಯಾಂಡ್ ಸಾಕು. ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಕನಿಷ್ಠ, ಮೂರು ದಿನ ಆದರೆ ಉತ್ತಮ. ನಾಲ್ಕು ಜನ ಗೆಳತಿಯರು ಸೇರಿಕೊಂಡರೆ ನಡುವೆ ಬಿಟ್ಟುಹೋಗುವುದಿಲ್ಲ.

ಸಾಗರದ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಡುತ್ತಾರೆ, ಬಡಗಿಯನ್ನೂ ಕರೆಸಿ ಹಿತ್ತಲ ಮೆಟ್ಟಿಲಿಗೆ ಕಂಬಿ ಹಾಕಿಸುತ್ತಿದ್ದೇನೆ. ಅಪ್ಪ ಕುರ್ಚಿ ವ್ಯಾಯಾಮಕ್ಕೆ ತಾವೂ ಕೂರುತ್ತೇನೆ ಅಂದಿದ್ದಾರೆ. ಒಂದೇ ಅನುಮಾನ ಉಳಿದಿದೆ: ಮನೆಯಲ್ಲಿರುವುದು ಪ್ಲಾಸ್ಟಿಕ್ ಕುರ್ಚಿ, ಅದು ನಡೆಯುತ್ತದಾ? ಮತ್ತೆ ಎಷ್ಟು ದಿನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ?

ಹಾಸನದ ಫಿಸಿಯೋ

ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಅದರ ಕಾಲು ಜಾರುತ್ತದೆ. ಮರದ ಊಟದ ಕುರ್ಚಿ ಅಥವಾ ಗೋಡೆಗೆ ಒರಗಿಸಿದ ಬೆಂಚು ನೋಡಿ. ಬರಿಗಾಲಲ್ಲಿ ಅಥವಾ ಹಿಡಿತವಿರುವ ಶೂ ಹಾಕಿಕೊಂಡು ಮಾಡಿಸಿ, ಬರೀ ಸಾಕ್ಸ್ ಬೇಡ. ಶುಗರ್ ಇರುವುದರಿಂದ ಪಾದದಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗುತ್ತದೆಯಾ ಅಂತಲೂ ನೋಡಿ, ಜೋಮು ಇದ್ದರೆ ಬರಿಗಾಲು ಬೇಡ, ಶೂ ಹಾಕಿಸಿ, ಸಮತೋಲನದ ವ್ಯಾಯಾಮಕ್ಕೆ ಯಾವಾಗಲೂ ಯಾರಾದರೂ ಜೊತೆಗಿರಲಿ. ಏಳುವುದು ಸಲೀಸಾಗಲು ಆರರಿಂದ ಎಂಟು ವಾರ ಕೊಡಿ. ಆಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಸಮಯ ನೋಡಿ ಇಲ್ಲಿ ಹಾಕಿ, ಮುಂದೇನು ಅಂತ ಆಗ ನೋಡೋಣ.